ಗೊಂಬೆಯ ಬಾಯಲ್ಲಿಟ್ಟ ದಾರ

ಕಳೆದ ತಿಂಗಳು ಹೈದರಾಬಾದಿನ ನಾರಾಯಣಗೂಡದ ನಮ್ಮ ಹಳೆಯ ಸ್ಕೂಲಿನ ಹಾಲಿನಲ್ಲಿ ಒಂದು ಕಂಡೋಲೆನ್ಸ್ ಮೀಟಿಂಗ್ ಆಯಿತು. ಫೋಟೋಕ್ಕೆ ಹಾರ ಹಾಕಿದರು, ಎರಡು ನಿಮಿಷ ಎದ್ದು ನಿಂತರು, ಕೂತರು, ಆಮೇಲೆ ನಕ್ಕರು. ಮುಸಿಮುಸಿ ನಗುವಲ್ಲ. ಹಿಂದಿನ ಸಾಲಿನವರು ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು ನಗುವಂಥ ನಗು. ಮೂವತ್ತು ವರ್ಷ ಅಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು ನಾನು. ಸಾವಿನ ಮನೆಯಲ್ಲಿ ಹೇಗಿರಬೇಕು ಎಂಬಷ್ಟು ಮ್ಯಾನರ್ಸ್ ಆದರೂ ಆ ಹುಡುಗಿಯರಿಗೆ ಕಲಿಸಿದ್ದೇವೆ ಅಂದುಕೊಂಡಿದ್ದೆ. ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡಬೇಕೆಂದು ಕೂತಿದ್ದೇನೆ.

ತೀರಿಕೊಂಡವರು ನಮ್ಮ ಹೊಲಿಗೆ ಟೀಚರ್. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಪ್ಪತ್ತಾರು ವರ್ಷ ಆ ಸ್ಕೂಲಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯಲಿಲ್ಲ. ಮಕ್ಕಳಿಗೆ ನೀಡಲ್‌ವರ್ಕ್ ಮಿಸ್, ಆಫೀಸಿನವರಿಗೆ ಹೊಲಿಗೆಯಮ್ಮ, ಸ್ಟಾಫ್ ರೂಮಿನಲ್ಲಿ ಬರೀ 'ಶೀ'. ಈಗ ಅಚ್ಚಿನಲ್ಲಿ ಹೆಸರು ಹಾಕಿ ಏನೋ ಉಪಕಾರ ಮಾಡಿದ ಹಾಗೆ ನಟಿಸುವುದು ನನ್ನಿಂದಾಗದು.

ಕಲಬುರಗಿ ಕಡೆಯವರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಲಿಂಗಂಪಲ್ಲಿಯಲ್ಲಿ ಅಣ್ಣನ ಸಂಸಾರದ ಜೊತೆ ಇದ್ದರು. ಮೊದಮೊದಲು ಎರಡು ಬಸ್ಸು ಬದಲಿಸಿ ಬರುತ್ತಿದ್ದರು, ಲೋಕಲ್ ಟ್ರೇನ್ ಶುರುವಾದ ಮೇಲೆ ಟ್ರೇನಿನಲ್ಲಿ. ಸೀಟು ಸಿಕ್ಕರೆ ಕೂತು, ಸಿಗದಿದ್ದರೆ ಕಂಬಕ್ಕೆ ಒರಗಿ ನಿಂತು, ಯಾರದೋ ಸೀರೆಗೆ ಫಾಲ್ ಹಚ್ಚುತ್ತ ಬರುತ್ತಿದ್ದರು. ಆ ಸೀರೆ ಬಹಳಷ್ಟು ಸಲ ನಮ್ಮ ಪ್ರಿನ್ಸಿಪಾಲರದೋ ಹೆಡ್ ಕ್ಲರ್ಕರ ಹೆಂಡತಿಯದೋ ಆಗಿರುತ್ತಿತ್ತು. ಟೀಚರ್ ಎಂದು ಸಹಿ ಮಾಡುವ ಒಬ್ಬ ಹೆಂಗಸಿನ ಕೈಗೆ ಪ್ಲಾಸ್ಟಿಕ್ ಚೀಲದಲ್ಲಿ ಸೀರೆ ತುರುಕಿ "ಬೈ ಫ್ರೈಡೇ" ಅನ್ನಲು ಯಾರಿಗೂ ನಾಚಿಕೆ ಆಗುತ್ತಿರಲಿಲ್ಲ. ಪರೀಕ್ಷೆ ಹತ್ತಿರ ಬಂದರೆ ಅವರ ಪೀರಿಯಡ್ಡುಗಳನ್ನು ಮ್ಯಾಥ್ಸ್‌ನವರು ಕೇಳದೆಯೇ ತೆಗೆದುಕೊಳ್ಳುತ್ತಿದ್ದರು. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ದಾರ ತುಂಬಿಕೊಂಡು ಅವರು ಕ್ಲಾಸಿನ ಹೊರಗೆ ನಿಂತಿರುತ್ತಿದ್ದರು, ಯಾರಾದರೂ ಕರೆದಾರೆಂದು.

ಸ್ಟಾಫ್ ರೂಮಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ನಮ್ಮ ತಂದೆ ರಾಯಚೂರಿನವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಮತ್ತು ಉರ್ದು, ಕಾನ್ವೆಂಟಿನಲ್ಲಿ ಇಂಗ್ಲಿಷ್, ಹೀಗೆ ಬೆಳೆದವಳು ನಾನು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ವೆರಾಂಡಾದಲ್ಲಿ ಇಬ್ಬರೂ ಕನ್ನಡದಲ್ಲಿ ಹರಟುತ್ತ ಬಂದು, ಸ್ಟಾಫ್ ರೂಮಿನ ಹೊಸ್ತಿಲು ದಾಟಿದ ಕೂಡಲೇ ನಾನು ಇಂಗ್ಲಿಷಿಗೆ ಹೊರಳುತ್ತಿದ್ದೆ. ಅವರು ಮಾತು ನಿಲ್ಲಿಸಿ ವಾಟರ್ ಫಿಲ್ಟರಿನ ಪಕ್ಕದ ತಮ್ಮ ಕುರ್ಚಿಗೆ ಹೋಗುತ್ತಿದ್ದರು. ಒಂದು ದಿನವೂ ಬೇಜಾರು ತೋರಿಸಲಿಲ್ಲ.

ಒಮ್ಮೆ ಅವರ ಜೊತೆ ಕೋಠಿ ಪೇಟೆಗೆ ಹೋಗಿದ್ದೆ. ಎಂಬ್ರಾಯ್ಡರಿ ದಾರದ ಅಂಗಡಿಯವನು "ಪಕ್ಕಾ ಕಲರ್ ಅಮ್ಮಾ" ಎಂದು ಆಣೆ ಹಾಕುತ್ತಿದ್ದ. ಅವರು ಲಡಿಯಿಂದ ಒಂದೆಳೆ ಎಳೆದು, ನಾಲಿಗೆಗೆ ಒತ್ತಿ, ತಮ್ಮ ಸೆರಗಿನ ತುದಿಗೆ ಗಸಗಸ ಉಜ್ಜಿದರು. ಕೆಂಪು ಕೂತುಬಿಟ್ಟಿತು. "ಕ್ಯಾ ಭೈ, ಏ ಪಕ್ಕಾ ಹೈ ಕ್ಯಾ?" ಎಂದು ಸೆರಗನ್ನೇ ಅವನ ಮೂಗಿನ ಮುಂದೆ ಹಿಡಿದರು. ಮಕ್ಕಳ ಕಸೂತಿಯ ಬಣ್ಣ ಬಿಡಬಾರದೆಂದು ಅವರ ಒಂದೊಂದು ಸೀರೆಯ ಸೆರಗಿಗೂ ಹಸಿರು, ನೀಲಿ, ಕುಂಕುಮದ ಬಣ್ಣದ ಚುಕ್ಕೆಗಳು ಬಿದ್ದಿದ್ದವು. ನಮ್ಮ ಸ್ಟಾಫ್ ರೂಮಿನ ಲೇಡೀಸ್ ಅದನ್ನು ನೋಡಿ "ಅನ್‌ಟೈಡಿ" ಅನ್ನುತ್ತಿದ್ದರು.

ಮಕ್ಕಳು ಕಸೂತಿ ಹಾಕಿ ತಂದು ತೋರಿಸಿದರೆ ಮೊದಲು ಅದನ್ನು ಮಗುಚುತ್ತಿದ್ದರು. "ಮುಂದಿನದು ಎಲ್ಲಾರೂ ನೋಡ್ತಾರವಾ. ಹಿಂದಿನ ಗಂಟು ನಾ ನೋಡ್ತೀನಿ" ಅನ್ನುತ್ತಿದ್ದರು. ಗಂಟು ದಪ್ಪವಿದ್ದರೆ ಬಿಚ್ಚಿಸುತ್ತಿದ್ದರು. ಅತ್ತರೂ ಬಿಚ್ಚಿಸುತ್ತಿದ್ದರು.

ಇನ್ನು ಆ ದಾರದ ವಿಷಯ. ಅದಕ್ಕೆ ಸ್ಪೋರ್ಟ್ಸ್ ಡೇಯಿಂದ ಶುರು ಮಾಡಬೇಕು.

ಮಾರ್ಚ್ ಪಾಸ್ಟ್ ಇನ್ನೇನು ಶುರುವಾಗಬೇಕು, ಬಾವುಟ ಹಿಡಿದ ಹುಡುಗಿಯ ಸ್ಕರ್ಟು ಸೊಂಟದ ಬಳಿ ಹರಿದುಕೊಂಡಿತು. ಎಲ್ಲರೂ ಗಾಬರಿ. ಹೊಲಿಗೆ ಟೀಚರ್ ಬಂದು ಮೊಣಕಾಲೂರಿ ಕೂತರು. ಸೂಜಿ ಪೋಣಿಸಿದ ಮೇಲೆ ಇನ್ನೊಂದು ಗೇಣು ದಾರ ಹರಿದು ಹುಡುಗಿಯ ಬಾಯಿಗೆ ಕೊಟ್ಟು, "ಕಚ್ಚಿ ಹಿಡಿ, ಬಿಡಬ್ಯಾಡ" ಎಂದು ಹೊಲಿಯತೊಡಗಿದರು. ಚೀಫ್ ಗೆಸ್ಟ್ ನೋಡಿದರು. ಪ್ರಿನ್ಸಿಪಾಲರ ಮುಖ ಬಿಗಿಯಿತು. ಆಮೇಲೆ ನನ್ನನ್ನು ಕರೆಸಿ, ಇದೆಂಥ ಸೂಪರ್‌ಸ್ಟಿಶನ್ ಎಂದು ಕೇಳಿ ಹೇಳು ಅಂದರು. ಕೇಳಿದೆ.

"ಮೈಮ್ಯಾಲ ಬಟ್ಟಿ ಇಟ್ಟು ಹೊಲಿಯೂದು ಹೆಣಕ್ಕ ಅಷ್ಟರಿ, ಅಕ್ಕಾರ" ಅಂದರು. "ಜೀವ ಇದ್ದವ್ರ ಮೈಮ್ಯಾಲ ಹೊಲಿಯೂ ಪ್ರಸಂಗ ಬಂದ್ರ ಬಾಯಾಗ ಒಂದೆಳಿ ಕೊಡಬೇಕು. ಇದು ಹೆಣ ಅಲ್ಲ, ಮನಿಷ್ಯಾ ಅದಾನ ಅಂತ. ನಮ್ಮವ್ವ ಹಂಗ ಮಾಡಾಕಿ, ನಾನೂ ಹಂಗ ಮಾಡ್ತೀನಿ."

ನಾನು ಪ್ರಿನ್ಸಿಪಾಲರಿಗೆ, "ಮಗು ಅಲುಗಾಡದೆ ನಿಲ್ಲಲಿ ಅಂತ, ಮೇಡಂ" ಎಂದು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದೆ. ಆ ಮಾತನ್ನು ಅನುವಾದಿಸಲು ನನಗೆ ನಾಚಿಕೆಯಾಯಿತು.

ಇಬ್ಬರೂ ರಿಟೈರ್ ಆದ ಮೇಲೆ ಇಂಗ್ಲೆಂಡ್ ಟೂರ್ ಹೋದದ್ದು. ಟೀಚರುಗಳದೇ ಒಂದು ಗುಂಪು, ಹೈದರಾಬಾದಿನಿಂದ ಇಪ್ಪತ್ತೆರಡು ಜನ, ಜೊತೆಗೆ ಒಬ್ಬ ಟೂರ್ ಮ್ಯಾನೇಜರ್. ಹೊಲಿಗೆ ಟೀಚರನ್ನು ಅವರ ಅಣ್ಣನ ಮಗಳು ಹಟ ಹಿಡಿದು ಕಳಿಸಿದ್ದಳು. ಸೀರೆಯ ಮೇಲೆ ವಿಂಡ್‌ಚೀಟರ್, ಕಾಲಿಗೆ ಸ್ಪೋರ್ಟ್ಸ್ ಶೂ, ಮಾಂಗಲ್ಯ ಇಲ್ಲದ ಸರದ ತುಂಬ ಸೇಫ್ಟಿ ಪಿನ್ನು. ಏರ್‌ಪೋರ್ಟಿನಲ್ಲಿ ಸೂಜಿಯ ಡಬ್ಬಿಯನ್ನು ದೊಡ್ಡ ಬ್ಯಾಗಿಗೆ ಹಾಕಿಸಿದಾಗ ಮಾತ್ರ ಸ್ವಲ್ಪ ಅಧೀರರಾದರು. ಇಳಿದ ಕೂಡಲೇ ತೆಗೆದು ಕೈಚೀಲಕ್ಕೆ ಹಾಕಿಕೊಂಡರು.

ಒಂದು ಮಧ್ಯಾಹ್ನ ಬಸ್ಸನ್ನು ಸಮುದ್ರದಂಡೆಯ ಸಣ್ಣ ಊರಿನಲ್ಲಿ ನಿಲ್ಲಿಸಿದರು. ಅಲ್ಲಿಯ ಕಾನೂನಿನಂತೆ ಡ್ರೈವರನಿಗೆ ಮುಕ್ಕಾಲು ಗಂಟೆ ವಿಶ್ರಾಂತಿ ಕೊಡಲೇಬೇಕು. ಎದುರಿಗೇ ಒಂದು ಹಳೆಯ ಅಮ್ಯೂಸ್‌ಮೆಂಟ್ ಪಾರ್ಕು. ಎಷ್ಟು ಹಳೆಯದೆಂದರೆ, ಮರದ ರೋಲರ್ ಕೋಸ್ಟರ್ ಪ್ರತಿ ತಿರುವಿನಲ್ಲೂ ಮುದುಕರ ಹಾಗೆ ನರಳುತ್ತಿತ್ತು. ನಾರಿನ ಚಾಪೆಯ ಮೇಲೆ ಕೂತು ಜಾರುವ ಗೋಪುರ, ನಮ್ಮನ್ನು ಕುಳ್ಳಾಗಿಸುವ ಕನ್ನಡಿಗಳು, ಗಾಜಿನ ಪೆಟ್ಟಿಗೆಯಲ್ಲಿ ಹೊಟ್ಟೆ ಹಿಡಿದು ನಗುವ ಮರದ ನಾವಿಕ. ಪುಟಾಣಿ ರೈಲಿನ ಡ್ರೈವರಿಗೆ ಎಂಬತ್ತು ಆಗಿರಬೇಕು, ಬೋ ಟೈ ಕಟ್ಟಿಕೊಂಡು ಹತ್ತಿದವರಿಗೆಲ್ಲ ಸಲ್ಯೂಟ್ ಹೊಡೆಯುತ್ತಿದ್ದ. ನನಗೆ ಆ ಜಾಗ ತುಂಬ ಇಷ್ಟವಾಯಿತು. ಟೀಚರ್ ಮೆರ್ರಿ-ಗೋ-ರೌಂಡಿನ ಒಂದು ಮರದ ಕುದುರೆಯ ಮೇಲೆ ಒಂದೇ ಕಡೆ ಕಾಲು ಇಳಿಬಿಟ್ಟು ಕೂತು, ಅದರ ಕುತ್ತಿಗೆ ತಟ್ಟಿ, "ಸಾವಕಾಶ ಹೋಗಪಾ, ಮಂಡಿ ನೋವೈತಿ" ಅಂದರು. ನಾವಿಬ್ಬರೂ ಹುಡುಗಿಯರ ಹಾಗೆ ನಕ್ಕೆವು.

ಅದರಾಚೆ ಕಾಯಿನ್ ಹಾಕಿ ಆಡಿಸುವ ಯಂತ್ರಗಳ ಒಂದು ಹಾಲಿತ್ತು. ಮೂಲೆಯಲ್ಲಿ ಬಾಗಿಲಿನಷ್ಟು ಎತ್ತರದ ಗಾಜಿನ ಕಪಾಟು, ಒಳಗೆ ಮಗುವಿನಷ್ಟು ಎತ್ತರದ ಮರದ ಹೆಣ್ಣುಗೊಂಬೆ. ಮೇಲೆ 'ಪ್ರಿನ್ಸೆಸ್ ಆಫ್ ಇಂಡಿಯಾ' ಎಂದು ಬಣ್ಣದ ಬೋರ್ಡು. ಕಾಯಿನ್ ಹಾಕಿದರೆ ಗೊಂಬೆ ತಲೆ ತಿರುಗಿಸಿ, ಬಲಗೈ ಎತ್ತಿ, ಭವಿಷ್ಯ ಬರೆದ ಒಂದು ಕಾರ್ಡು ಬೀಳಿಸುತ್ತಿತ್ತು. ಸೀರೆ ಎಂದು ಸುತ್ತಿದ್ದದ್ದು ಪರದೆಯ ಬಟ್ಟೆ. ಸ್ನಾನದ ಟವೆಲಿನ ಹಾಗೆ ಮೊಣಕಾಲಿನವರೆಗೆ. ಕೈ ಎತ್ತಿದಾಗಲೆಲ್ಲ ಅದು ಜಾರಿ ಎದೆ ಅರ್ಧ ಬಯಲಾಗುತ್ತಿತ್ತು. ಎಷ್ಟು ತಲೆಮಾರಿನ ಜನ ಕಾಯಿನ್ ಹಾಕಿ ಅದನ್ನು ನೋಡಿ ನಕ್ಕಿದ್ದರೋ. ಅವರು ನಕ್ಕದ್ದು ಇರಲಿ, ನಮ್ಮವರು ನಕ್ಕರಲ್ಲ. ಇಪ್ಪತ್ತು ಜನ ರಿಟೈರ್ಡ್ ಟೀಚರುಗಳು, ಮೈತುಂಬ ಸೆರಗು ಹೊದ್ದವರು, ಸಾಲಾಗಿ ನಿಂತು ಫೋಟೋ ಹೊಡೆಸಿಕೊಂಡರು. ಟೂರ್ ಮ್ಯಾನೇಜರ್ ಕಪಾಟನ್ನು ತೋಳಿನಿಂದ ಬಳಸಿ, "ಹಮಾರೀ ರಾಣಿ" ಎಂದು ಹಲ್ಲು ಕಿರಿದ.

ಎಲ್ಲರೂ ಹೋದ ಮೇಲೂ ಟೀಚರ್ ನಿಂತೇ ಇದ್ದರು.

"ಅಕ್ಕಾರ, ಈಕಿಗೆ ಯಾರೂ ಸೀರಿ ಉಡಿಸೇ ಇಲ್ಲ ನೋಡ್ರಿ."

"ಗೊಂಬಿ ಅದು. ನಡೀರಿ, ಚಹಾ ಕುಡಿಯೂಣು."

"ಗೊಂಬಿನರಿ. ಆದ್ರ ಮ್ಯಾಲ ಇಂಡಿಯಾ ಅಂತ ಬರದಾರಲ್ರಿ, ಅಷ್ಟು ನನಗೂ ಓದಾಕ ಬರ್ತೈತಿ." ಹಾಲಿನ ಇನ್ನೊಂದು ತುದಿಯಲ್ಲಿ, ಉಣ್ಣೆಯ ಕಾರ್ಡಿಗನ್ ತೊಟ್ಟ ಒಬ್ಬ ಮುದುಕಿ ಕೀಲಿಗೊಂಚಲು ಹಿಡಿದು ಕೂತಿದ್ದಳು. ಟೀಚರ್ ಅವಳ ಕಡೆ ಗಲ್ಲ ತೋರಿಸಿದರು. "ಆಕೀಗೆ ಇಂಗ್ಲಿಷ್‌ನಾಗ ಒಂದ್ ಮಾತು ಕೇಳ್ರಿ. ಕಪಾಟು ತಗದ್ರ ಸಾಕು, ಅದ ಬಟ್ಟೀಲೆ ನಾ ಸರಿ ಮಾಡಿ ಕೊಡ್ತೀನಿ."

"ಇಲ್ಲಿ ಅದೆಲ್ಲಾ ನಡಿಯಂಗಿಲ್ಲ. ಸೀನ್ ಮಾಡಬ್ಯಾಡ್ರಿ, ಪ್ಲೀಸ್."

"ನಲವತ್ತು ಹುಡುಗ್ಯಾರ ಮುಂದ ಇಂಗ್ಲಿಷ್ ಆರ್ಭಟ ಮಾಡ್ತಿದ್ರಿ. ಒಬ್ಬ ಮುದುಕಿ ಮುಂದ ಅಂಜಿಕಿ ಏನ್ರಿ?"

ನಗುತ್ತಲೇ ಅಂದರು. ಸಾರ್ವಜನಿಕವಾಗಿ ಸೀನ್ ಮಾಡುವುದಕ್ಕಿಂತ ಸಾಯುವುದು ಮೇಲು ಎಂದು ಕಾನ್ವೆಂಟಿನ ಸಿಸ್ಟರ್‌ಗಳಿಂದ ಕಲಿತವಳು ನಾನು. ನನ್ನನ್ನು ಇದರಲ್ಲಿ ಎಳೆಯಬೇಡಿ ಎಂದು ಹೇಳಿ ಬಸ್ಸಿಗೆ ಹೋಗಿ ಕೂತೆ.

ಮುಕ್ಕಾಲು ಗಂಟೆ ಮುಗಿಯಿತು. ಇನ್ನೂ ಅರ್ಧ ಗಂಟೆ ಹೋಯಿತು. ಅಂದಿನ ಶಾಪಿಂಗ್ ತಪ್ಪುತ್ತದೆಂದು ಬಸ್ಸಿನೊಳಗೆ ಮುಖಗಳು ಊದಿಕೊಂಡವು. ಟೂರ್ ಮ್ಯಾನೇಜರ್ ನನ್ನ ಮೇಲೆ ಹರಿಹಾಯ್ದ: "ಕಿಧರ್ ಹೈಂ ತುಮಾರೇ ದೋಸ್ತ್? ಸಬ್ ಕಾ ಟೈಮ್ ಖರಾಬ್." ಕರೆತರಲು ನಾನೇ ಹೋಗಬೇಕಾಯಿತು.

ಹಾಲಿನ ಬಾಗಿಲಲ್ಲಿ ನಿಂತು ನೋಡಿದೆ. ಕಪಾಟು ತೆರೆದಿತ್ತು. ಕೈಸನ್ನೆಯಲ್ಲೇ ಅವರು ಆ ಮುದುಕಿಯನ್ನು ಒಪ್ಪಿಸಿದ್ದರು. ಮುದುಕಿ ಅಂಗೈಯಲ್ಲಿ ಪಿನ್ನುಗಳನ್ನು ಹಿಡಿದುಕೊಂಡು ಒಂದೊಂದಾಗಿ ಕೊಡುತ್ತಿದ್ದಳು. ಟೀಚರ್ ಪರದೆಯ ಬಟ್ಟೆಯನ್ನು ಒಳಮೈ ಹೊರಗೆ ಮಾಡಿದ್ದರು, ಅತ್ತ ಬಣ್ಣ ಮಾಸಿರಲಿಲ್ಲ. ಪಾದ ಮುಚ್ಚುವಂತೆ ನೆರಿಗೆ ಹಿಡಿದು, ಮುದುಕಿಗೆ ಸನ್ನೆ ಮಾಡಿ ಕಾಯಿನ್ ಹಾಕಿಸಿದರು. ಗೊಂಬೆಯ ಕೈ ಮೇಲೆದ್ದಿತು. ಬಟ್ಟೆ ಎಲ್ಲಿ ಸಿಕ್ಕುತ್ತದೆ ಎಂದು ಬಗ್ಗಿ ನೋಡಿದರು, ಬಿಚ್ಚಿದರು, ಸೆರಗನ್ನು ನಾಲ್ಕು ಬೆರಳು ಹಿಂದಕ್ಕೆ ತಂದರು, ಮತ್ತೆ ಕಾಯಿನ್. ಮೂರನೆಯ ಸಲ ಕೈ ಎತ್ತಿದಾಗ ಸೆರಗು ಜಾಗ ಬಿಟ್ಟು ಕದಲಲಿಲ್ಲ. ಆಗ ಸೂಜಿ ಪೋಣಿಸಿದರು. ಹೆಗಲ ಮೇಲೆ ಟಾಕಾ ಹಾಕುವ ಮೊದಲು, ಒಂದೆಳೆ ದಾರ ಹರಿದು, ಅರೆತೆರೆದ ಆ ಮರದ ತುಟಿಗಳ ನಡುವೆ ಇಟ್ಟರು.

ಬಸ್ಸಿಗೆ ನಡೆಯುವಾಗ ಕೇಳಿದೆ, "ಗೊಂಬಿ ಬಾಯಾಗ ದಾರ ಯಾಕ ಇಟ್ರಿ?"

"ಗೊಂಬಿ ಅಂತ ಗೊತ್ತೈತ್ರಿ. ಆದ್ರ ಗೊಂಬಿ ಅನಕೊಂಡು ಉಡಿಸಿದ್ರ ಅದು ಸೀರಿ ಆಗಂಗಿಲ್ಲ, ಹಿಂದಿನವ್ರು ಸುತ್ತಿದ್ರಲ್ಲ ಹಂಗ ಆಗ್ತೈತಿ."

ಇಷ್ಟೇ ನಡೆದದ್ದು. ಬಸ್ಸು ಹೊರಟಿತು. ಯಾರೂ ಅವರನ್ನು ಮಾತಾಡಿಸಲಿಲ್ಲ. ನನ್ನ ಪಕ್ಕದವರು, "ವಾಟ್ ವಾಸ್ ಶೀ ಡೂಯಿಂಗ್?" ಎಂದು ಕೇಳಿದರು. ಎಲ್ಲರೂ ಕಿವಿ ನಿಗುರಿಸಿದರು. ನನಗೆ ಅವರ ಸಿಟ್ಟು ನನ್ನ ಮೇಲೂ ತಿರುಗುವುದು ಬೇಡವಾಗಿತ್ತು. ಗೊಂಬೆ ನಿಜವಾದ ಹೆಂಗಸು ಅಂದುಕೊಂಡರು, ಹಸಿದಿದೆ ಎಂದು ಬಾಯಿಗೆ ದಾರ ತಿನ್ನಿಸಿ ಬಂದರು, ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಬಸ್ಸು ಬಸ್ಸೇ ನಕ್ಕಿತು, ಮುಖಗಳು ಸಡಿಲಾದವು. ಮುಂದಿನ ಸೀಟಿನಲ್ಲಿದ್ದ ಅವರು ಹಿಂತಿರುಗಿ ನೋಡಿದರು. ಭಾಷೆ ತಿಳಿಯದಿದ್ದರೂ ನಗು ಯಾರ ಮೇಲೆ ಎಂದು ತಿಳಿಯದಷ್ಟು ದಡ್ಡರಲ್ಲ. ನನ್ನನ್ನು ನೋಡಿ ಅವರೂ ಒಂದಿಷ್ಟು ನಕ್ಕು ಕಿಟಕಿಯ ಕಡೆ ತಿರುಗಿದರು.

ಆ ಜೋಕು ನಮಗಿಂತ ಮೊದಲೇ ಹೈದರಾಬಾದ್ ತಲುಪಿತು. ಪ್ರತಿ ಗೆಟ್-ಟುಗೆದರಿನಲ್ಲಿ ಅದೇ. ಹಳೆಯ ಸ್ಟೂಡೆಂಟ್‌ಗಳು "ಮಿಸ್, ಆ ಡಾಲ್ ಸ್ಟೋರಿ" ಎಂದು ನನ್ನ ಸುತ್ತ ಕೂರುತ್ತಿದ್ದರು. ನಾನು ಪ್ರತಿ ಸಲ ಒಂದಿಷ್ಟು ಹೊಸದು ಸೇರಿಸಿ ಹೇಳುತ್ತಿದ್ದೆ, ದೇವರು ನನ್ನನ್ನು ಕ್ಷಮಿಸಲಿ. ಹೊಲಿಗೆ ಟೀಚರ್ ಅಲ್ಲೇ ತಟ್ಟೆ ಹಂಚುತ್ತಿದ್ದರು. ಒಮ್ಮೆಯೂ ಇದು ಸುಳ್ಳು ಅನ್ನಲಿಲ್ಲ.

ಈಗ ಆ ಮೀಟಿಂಗಿಗೆ ಬರುತ್ತೇನೆ. ಮೈಕ್ ಹಿಡಿದವಳು ಹಳೆಯ ವಿದ್ಯಾರ್ಥಿನಿಯರ ಸಂಘದ ಪ್ರೆಸಿಡೆಂಟ್, ನನ್ನದೇ ಸ್ಟೂಡೆಂಟ್. ಇಪ್ಪತ್ತಾರು ವರ್ಷದಲ್ಲಿ ಆ ಹೆಂಗಸು ಎಷ್ಟು ಹುಡುಗಿಯರ ಕೈಗೆ ಸೂಜಿ ಹಿಡಿಯಲು ಕಲಿಸಿದರು ಎಂಬ ಒಂದು ಮಾತಿಲ್ಲ. ನೇರವಾಗಿ ಗೊಂಬೆಯ ಕಥೆ. ಅಭಿನಯ ಮಾಡಿ ತೋರಿಸಿದಳು, ಎರಡು ಬೆರಳಲ್ಲಿ ದಾರ ಹಿಡಿದು ತಿನ್ನಿಸುವ ಹಾಗೆ. "ಸೋ ಸಿಂಪಲ್, ಸೋ ಇನೊಸೆಂಟ್, ಅವರ್ ನೀಡಲ್‌ವರ್ಕ್ ಮಿಸ್." ಇಡೀ ಸಭೆ ನಕ್ಕಿತು. ಮುಂದಿನ ಸಾಲಿನಲ್ಲಿ ಅವರ ಅಣ್ಣನ ಮಗಳು ತಲೆ ತಗ್ಗಿಸಿ ಕೂತಿದ್ದಳು.

ಇನೊಸೆಂಟ್ ಅಂತೆ. ಒಂದು ಯಂತ್ರದ ತೋಳು ಎಷ್ಟು ಏಳುತ್ತದೆಂದು ಮೂರು ಸಲ ನೋಡಿ ಸೆರಗು ಕೂರಿಸಿದ ಹೆಂಗಸು. ನಾನು ಎದ್ದು ಹೋಗಿ ಮೈಕ್ ಕೇಳಿದೆ. "ದಟ್ ಇಸ್ ನಾಟ್ ವಾಟ್ ಹ್ಯಾಪನ್ಡ್" ಎಂದು ಶುರು ಮಾಡಿ, ನಡೆದದ್ದನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಹೇಳಿದೆ. ದಾರ ಯಾಕೆ ಎಂಬುದನ್ನೂ ಹೇಳಿದೆ, ಸ್ಪೋರ್ಟ್ಸ್ ಡೇಯಲ್ಲಿ ಅನುವಾದಿಸದೆ ನುಂಗಿದ ಮಾತನ್ನೂ ಸೇರಿಸಿ. ಪ್ರೆಸಿಡೆಂಟ್ ಮೈಕಿಗೆ ಅಂಗೈ ಮುಚ್ಚಿ ನನ್ನ ಕಿವಿಯಲ್ಲಿ, "ಬಟ್ ಮಿಸ್, ಈ ಸ್ಟೋರಿ ನಮಗೆ ಹೇಳಿದ್ದೇ ನೀವಲ್ವಾ?" ಅಂದಳು. ನಾನು ಮೈಕ್ ಅವಳ ಕೈಗೆ ಬಿಟ್ಟು ಕೆಳಗಿಳಿದೆ. ಜನ ಚಪ್ಪಾಳೆ ತಟ್ಟಿದರು. ನನಗೆ.

ಹೊರಗೆ ಮೆಟ್ಟಿಲ ಬಳಿ ಅಣ್ಣನ ಮಗಳು ಬಂದು ನನ್ನ ಕೈ ಹಿಡಿದುಕೊಂಡಳು. ಕಣ್ಣು ತುಂಬಿತ್ತು.

"ಭಾಳ ಛಲೋ ಹೇಳಿದ್ರಿ ಮೇಡಂ. ಅತ್ತಿ ಹೇಳಿದ್ದು ಸುಳ್ಳಲ್ಲ. 'ನನಗ ಅಲ್ಲಿ ಬಾಯಿ ಇರಲಿಲ್ಲ, ಅಕ್ಕಾರ ಬಾಜೂಕ ನಿಂತು ಇಂಗ್ಲಿಷ್‌ನಾಗ ತಿಳಿಸಿ ಹೇಳಿದ್ರು, ಅದಕ್ಕ ಆ ಮುದುಕಿ ಕೀಲಿ ತಗದ್ಲು' ಅಂತಿದ್ಳು. ಮನಿಗೆ ಬಂದವ್ರಿಗೆಲ್ಲ ಹೇಳಾಕಿ. ಅಕ್ಕಾರ ಇಲ್ದಿದ್ರ ಆಗ್ತಿರಲಿಲ್ಲ ಅಂತ."

ನಾನು ಅವರನ್ನು ಊರ ತುಂಬ ನಗೆಪಾಟಲು ಮಾಡಿದ ಅಷ್ಟೂ ವರ್ಷ ಅವರು ಲಿಂಗಂಪಲ್ಲಿಯ ಆ ಮನೆಯಲ್ಲಿ ನನ್ನ ಬಗ್ಗೆ ಹೇಳಿಕೊಂಡು ಬಂದದ್ದು ಇದು. ಥ್ಯಾಂಕ್ ಯೂ ಎಂದು ಆ ಹುಡುಗಿಯ ಬೆನ್ನು ಸವರಿ ಆಟೋ ಹತ್ತಬಹುದಿತ್ತು. ನನ್ನಂಥ ಎಪ್ಪತ್ತಾರು ವರ್ಷದ ಮುದುಕಿಯನ್ನು ಯಾರು ಕೇಳುತ್ತಾರೆ.

"ಇಲ್ಲವಾ," ಅಂದೆ. "ನಾ ಬಸ್ಸಿನ್ಯಾಗ ಕೂತಿದ್ದೆ. ಕರಿಯಾಕ ಹೋಗಿ ಬಾಗಲದಾಗ ನಿಂತಾಗ ಆ ಮುದುಕಿ ನನಗ ಒಂದ ಮಾತು ಕೇಳಿದ್ಲು, ಈಕಿ ನಿನ್ನ ಗೆಳತಿ ಏನು ಅಂತ. ಅಲ್ಲ ಅಂದೆ. ಅಲ್ಲಿ ನಾ ಮಾತಾಡಿದ ಇಂಗ್ಲಿಷ್ ಅಷ್ಟ. ಒಳಗ ಎಲ್ಲಾರೂ ನಕ್ಕರಲ್ಲ, ಆ ಕಥಿ ಕಟ್ಟಿದಾಕೀನೂ ನಾನ."

ಅವಳು ನನ್ನ ಕೈ ಬಿಟ್ಟು, ಹಾಲಿನೊಳಗೆ ಹೋಗಿ, ಮೇಜಿನ ಮೇಲಿದ್ದ ಅತ್ತೆಯ ಫೋಟೋವನ್ನು ಹಾರದ ಸಮೇತ ಎತ್ತಿಕೊಂಡು, ಯಾರಿಗೂ ಹೇಳದೆ ಗೇಟು ದಾಟಿ ಹೋದಳು. ಆ ದಿನ ಆ ಸ್ಕೂಲಿನಲ್ಲಿ ಯಾರಾದರೂ ಮಾಡಿದ ಸರಿಯಾದ ಕೆಲಸ ಅದೊಂದೇ.